ಟಿಪ್ಸಿಗೂ ಒಂದು ಊರು ಇರ್ತದ್ರೀ...

ಈ ಮನೆ ಟಿಪ್ಸ್ ಅನ್ನೋದರ ಬಗ್ಗೆ ನನ್ನದೊಂದು ತಕರಾರು ಇದೆ. ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದೆ, ಇವತ್ತು ಕೂತೆ.

ಮನೆ ಅಲಂಕಾರ, ಹಿತ್ತಲ, ಅಡಿಗೆ... ಈ ಮೂರರ ಬಗ್ಗೆ ಸಲಹೆ ಕೊಡೋರಿಗೆ ಈಗ ಬರ ಇಲ್ಲ. ಮೊದಲು ವಾರಪತ್ರಿಕೆಯ ಯಾವುದೋ ಮೂಲೆಯಲ್ಲಿ ನಾಲ್ಕು ಸಾಲು ಬರ್ತಿತ್ತು, ಆಮೇಲೆ ಟೀವಿ ಬಂತು, ಈಗ ಮೊಬೈಲ್ ತೆಗೆದರೆ ಅರ್ಧ ನಿಮಿಷಕ್ಕೊಂದು ಟಿಪ್ಸು. ಹೇಳೋರು ಒಳ್ಳೆ ಮನಸ್ಸಿನಿಂದಲೇ ಹೇಳ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಒಂದು ಮಾತು ಮಾತ್ರ ಯಾರೂ ಹೇಳೋದಿಲ್ಲ. ಇದು ಯಾವ ಊರಿನ ಟಿಪ್ಸು? ಅಲ್ಲಿ ಬಿಸಿಲು ಎಷ್ಟು? ಮಣ್ಣು ಯಾವುದು? ನೀರು ಎಲ್ಲಿಂದ ಬರುತ್ತೆ?

ಈ ಮೂರು ಪ್ರಶ್ನೆಗೆ ಉತ್ತರ ಇಲ್ಲದ ಸಲಹೆ ಅರ್ಧ ಸಲಹೆ ಅಂತ ನನ್ನ ಅಭಿಪ್ರಾಯ. ಬೆಂಗಳೂರಲ್ಲಿ ಹೊಂದೋದು ಬನಹಟ್ಟಿಯಲ್ಲಿ ಹೊಂದಲ್ಲ. ಅಷ್ಟೇ ಯಾಕೆ, ಬೀಳಗಿಯಲ್ಲಿ ಹೊಂದಿದ್ದು ಜಮಖಂಡಿಯಲ್ಲಿ ಹೊಂದಲ್ಲ.

ಉತ್ಪ್ರೇಕ್ಷೆ ಅಂತೀರಾ? ಕೇಳಿ. ನನ್ನ ತವರು ಬೀಳಗಿ ಕಡೆ. ಕೊಟ್ಟದ್ದು ಬನಹಟ್ಟಿಗೆ. ತಂಗಿ ಜಮಖಂಡಿಯಲ್ಲಿದ್ದಾಳೆ. ಚಿಕ್ಕವ್ವನ ಮನೆ ಮುಧೋಳ ತಾಲೂಕಿನ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಬಸ್ ಹತ್ತಿದರೆ ನಾಲ್ಕೂ ಮನೆಗೆ ಹೋಗಿ ಚಾ ಕುಡಿದು ಸಂಜೆಗೆ ವಾಪಸ್ ಬರಬಹುದು, ಅಷ್ಟು ಹತ್ತಿರ. ಆದರೂ ನಾಲ್ಕು ಮನೆಗೆ ನಾಲ್ಕು ಥರದ ಕಷ್ಟ. ತವರಿನ ಹಿತ್ತಲದಲ್ಲಿ ಕೆಂಪು ಮಸಾರಿ ಮಣ್ಣು, ಜೊತೆಗೆ ಕಲ್ಲು. ಒಂದು ಕೊಡ ನೀರು ಹಾಕಿ ತಿರುಗಿ ನೋಡಿದರೆ ಎಲ್ಲಿ ಹೋಯ್ತೋ ಗೊತ್ತಾಗಲ್ಲ. ತಂಗಿಯ ಮನೆ ಎರಿ ಮಣ್ಣಿನ ಮೇಲೆ ನಿಂತಿದೆ. ಅಲ್ಲಿ ಮಳೆಗಾಲದಲ್ಲಿ ಚಪ್ಪಲಿ ಮಣ್ಣಲ್ಲೇ ಉಳಿಯುತ್ತೆ, ಬ್ಯಾಸಿಗಿಯಲ್ಲಿ ನೆಲ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಚಿಕ್ಕವ್ವನ ಊರಿಗೆ ಘಟಪ್ರಭಾ ಕಾಲುವೆ ನೀರು, ಎಲ್ಲಿ ನೋಡಿದರೂ ಕಬ್ಬು. ನಮ್ಮ ಓಣಿಯಲ್ಲಿ ಬೆಳಗಿನಿಂದ ರಾತ್ರಿ ತನಕ ಪವರ್‌ಲೂಮ್ ಸದ್ದು, ಮನೆಯೆಲ್ಲ ಹತ್ತಿಯ ನವಿರು ಧೂಳು.

ಇನ್ನು ಒಂದೇ ಟಿಪ್ಸು ನಾಲ್ಕೂ ಮನೆಗೆ ಹೇಗೆ ಆಗುತ್ತೆ, ನೀವೇ ಹೇಳಿ.

ಮೊದಲು ಮನೆ

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಅಂದರೆ ನಮ್ಮ ಕಡೆ ಯಾರಿಗೂ ಆಶ್ಚರ್ಯ ಆಗಲ್ಲ. ಹಾಗಾಗಿ ಇಲ್ಲಿ ಮನೆಯ ಮೊದಲನೇ ಅಲಂಕಾರ ಅಂದರೆ ತಂಪು. ಅದಾದ ಮೇಲೆ ಬಣ್ಣ, ಪರದೆ, ಗೊಂಬೆ ಎಲ್ಲ.

ಹಳೆ ಮನೆಗಳನ್ನು ನೋಡಿದ್ದೀರಲ್ಲ? ಎರಡು ಮೊಳ ದಪ್ಪದ ಗೋಡೆ, ತೊಲೆ-ಜಂತಿ ಹಾಕಿ ಮೇಲೆ ಮಣ್ಣು ಹೇರಿದ ಮಾಳಿಗೆ, ಚಿಕ್ಕ ಕಿಟಕಿ, ತಲೆ ಮೇಲೊಂದು ಬೆಳಕಿಂಡಿ. ಗೋಡೆಯಲ್ಲಿ ಮಾಡ, ಮಾಡದಲ್ಲಿ ದೀಪ. ಅದನ್ನು ಕಟ್ಟಿದವರಿಗೆ ಬಿಸಿಲಿನ ಲೆಕ್ಕ ಗೊತ್ತಿತ್ತು. ದಪ್ಪ ಮಣ್ಣು ಹಗಲಿನ ಕಾವನ್ನು ನಿಧಾನಕ್ಕೆ ಒಳಗೆ ಬಿಡುತ್ತೆ, ಅದು ಒಳಗೆ ಬರೋ ಹೊತ್ತಿಗೆ ರಾತ್ರಿ ಆಗಿರುತ್ತೆ, ಜನ ಮಾಳಿಗೆ ಮೇಲೆ ಮಲಗಿರ್ತಾರೆ! ಈಗಿನ ಆರ್‌ಸಿಸಿ ಮನೆಯಲ್ಲಿ ಸ್ಲ್ಯಾಬ್ ಐದಾರು ಇಂಚು. ಮಧ್ಯಾಹ್ನವೇ ಕಾದು, ಆ ಕಾವನ್ನು ಮಧ್ಯರಾತ್ರಿ ತನಕ ನಮ್ಮ ಮೇಲೇ ಸುರಿಯುತ್ತೆ. ಅದರ ಕೆಳಗೆ ಪಿಓಪಿ ಹೂಬಳ್ಳಿ ಮಾಡಿಸಿ, ಹಳದಿ ಬಲ್ಬು ಹಾಕಿದರೆ ಫೋಟೋ ಚೆನ್ನಾಗಿ ಬರುತ್ತೆ, ನಿದ್ದೆ ಬರಲ್ಲ.

ನಾನು ಪ್ರತಿವರ್ಷ ಹೋಳಿ ಹುಣ್ಣಿಮೆ ಸುಮಾರಿಗೆ ಮಾಡೋ ಕೆಲಸ ಮಾಳಿಗೆಗೆ ಸುಣ್ಣ ಹೊಡೆಯೋದು. ಸುಟ್ಟ ಸುಣ್ಣದ ಹರಳನ್ನು ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿನ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ. (ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿಯುತ್ತೆ, ಕಣ್ಣಿಗೆ ಹಾರಿದರೆ ಅಪಾಯ. ಕನ್ನಡಕ ಇರಲಿ, ಮಕ್ಕಳು ಹತ್ತಿರ ಇರಬಾರದು, ಪ್ಲಾಸ್ಟಿಕ್ ಡ್ರಮ್ ಬೇಡವೇ ಬೇಡ.) ಮರುದಿನ ಬಟ್ಟೆಯಲ್ಲಿ ಸೋಸಿ, ಒಂದಿಷ್ಟು ಮರದ ಅಂಟು ಬೆರೆಸಿ. ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗೆಗೆ ನೀರು ಚಿಮುಕಿಸಿ ಒಂದು ಕೈ ಹೊಡೀರಿ, ಮರುದಿನ ಇನ್ನೊಂದು ಕೈ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತೆ, ಅಷ್ಟೇ ಇದರ ಗುಟ್ಟು. ನಮ್ಮ ಮೇಲಿನ ಕೋಣೆಯಲ್ಲಿ ಮೇ ತಿಂಗಳಲ್ಲೂ ರಾತ್ರಿ ಹತ್ತಕ್ಕೆ ಮಲಗಬಹುದು ಅಂದರೆ ಅದಕ್ಕೆ ಈ ಸುಣ್ಣವೇ ಕಾರಣ. ಮಾಳಿಗೆ ನೀರು ಹಿಡಿಯೋರು ಮೊದಲ ಮಳೆ ನೀರನ್ನು ಹರಿದು ಹೋಗಲು ಬಿಡಿ.

ಇನ್ನು ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಹೊಡೆಯೋ ಫ್ಯಾಷನ್. ಬೇಕಾದರೆ ಹೊಡೀರಿ, ಆದರೆ ಹೊರಗಿನ ಪಡುವಣ ಗೋಡೆಗೆ ಬೇಡ. ಮಧ್ಯಾಹ್ನ ಮೂರರ ನಂತರದ ಬಿಸಿಲೆಲ್ಲ ಅದೇ ಗೋಡೆಗೆ ಬೀಳೋದು. ಆ ಗೋಡೆಯಿಂದ ದೂರ ಒಂದು ಹಂದರ ಹಾಕಿ ತುಪ್ಪದ ಹೀರಿಬಳ್ಳಿ ಹಬ್ಬಿಸಿದರೆ ನೆರಳೂ ಆಯ್ತು, ಪಲ್ಯಕ್ಕೂ ಆಯ್ತು.

"ದೂರ" ಅಂತ ಯಾಕೆ ಅಂದೆ ಅಂದರೆ ಎರಿ ಮಣ್ಣಿನ ಕಾರಣಕ್ಕೆ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತೆ, ಒಣಗಿ ಕುಗ್ಗುತ್ತೆ. ಗೋಡೆಗೆ ಆತು ಒಂದು ಬದಿ ಹೂವಿನ ಪಾತಿ ಮಾಡಿ ದಿನಾ ನೀರು ಬಿಟ್ಟರೆ ಆ ಬದಿ ಬುನಾದಿ ಕೆಳಗಿನ ಮಣ್ಣು ಉಬ್ಬುತ್ತೆ, ಇನ್ನೊಂದು ಬದಿ ಒಣಗೇ ಇರುತ್ತೆ. ಮನೆ ಮಧ್ಯೆ ಸಿಕ್ಕಿಕೊಂಡು ಕಿಟಕಿ ಮೂಲೆಯಿಂದ ಓರೆ ಬಿರುಕು ಶುರು. ಜಮಖಂಡಿಯಲ್ಲಿ ತಂಗಿಯ ಓಣಿಯಲ್ಲಿ ಇಂಥ ಬಿರುಕು ಇಲ್ಲದ ಮನೆ ಹುಡುಕಬೇಕು. ಹಾಗಾಗಿ ಗೋಡೆಗೂ ಗಿಡಕ್ಕೂ ಕಡಿಮೆ ಅಂದರೂ ನಾಲ್ಕು ಅಡಿ ಅಂತರ ಇರಲಿ. ಮನೆ ಸುತ್ತ ಇಳಿಜಾರಾಗಿ ಫರಸಿ ಹಾಕಿಸಿದರೆ ಮಳೆ ನೀರು ಬುನಾದಿಗೆ ಇಳಿಯಲ್ಲ. ಇದೇ ಸಲಹೆ ತವರಿಗೆ ಹೇಳಿದರೆ ಅವ್ವ ನಗ್ತಾಳೆ. "ನಮ್ಮ ಮಸಾರಿ ಭೂಮಿಗೆ ಅದ್ಯಾಕ ಬೇಕವಾ, ಇಲ್ಲಿ ಗೋಡಿ ಬಿರಿಯಂಗಿಲ್ಲ, ಗಿಡನ ಒಣಗತಾವು" ಅಂತ. ಹೌದಲ್ಲ ಮತ್ತೆ!

ಅಲಂಕಾರದ ಮಾತಿಗೆ ಬಂದರೆ, ನೇಕಾರರ ಊರಲ್ಲಿ ಇದ್ದು ನಾವು ಪ್ಲಾಸ್ಟಿಕ್ ಹೂವಿಗೆ ದುಡ್ಡು ಕೊಡೋದು ನನಗೆ ಸರಿ ಕಾಣಲ್ಲ. ರಬಕವಿ-ಬನಹಟ್ಟಿಯಲ್ಲಿ ಬಟ್ಟೆಗೆ, ನೂಲಿಗೆ ಏನು ಕಡಿಮೆ? ಹಳೆ ಹತ್ತಿ ಸೀರೆಗಳನ್ನು ಪದರು ಪದರು ಹಾಕಿ ಹೊಲಿದ ಕೌದಿಯನ್ನು ಹೊದೆಯೋದಷ್ಟೇ ಅಲ್ಲ, ಪಡಸಾಲಿಯ ದಿವಾನದ ಮೇಲೆ ಹಾಸಿ ನೋಡಿ. ಬ್ಯಾಸಿಗಿಯಲ್ಲಿ ಬೆವರು ಹೀರುತ್ತೆ, ಒಗೆದರೆ ಹೊಸದರಂತೆ ಆಗುತ್ತೆ. ನಮ್ಮ ಜಿಲ್ಲೆಯದೇ ಗುಳೇದಗುಡ್ಡ ಖಣ ಇದೆ, ಕುಪ್ಪಸಕ್ಕೆ ಹೊಲಿಸಿ ಉಳಿದ ತುಂಡನ್ನು ಬಾಗಿಲ ತೋರಣಕ್ಕೆ, ದಿಂಬಿನ ಚೀಲಕ್ಕೆ ಬಳಸಬಹುದು. ನನ್ನ ದೇವರ ಕೋಣೆ ಬಾಗಿಲಿಗೆ ಅದೇ ಇದೆ.

ಆದರೆ ನಮ್ಮ ಓಣಿಯಂಥ ಜಾಗದಲ್ಲಿ ದಪ್ಪ ಮಖಮಲ್ ಪರದೆ, ಜೂಲು ಜೂಲಿನ ಕಾರ್ಪೆಟ್ ಮಾತ್ರ ಬೇಡ. ಮಗ್ಗದ ಹತ್ತಿ ಧೂಳು ಅದರಲ್ಲೇ ಮನೆ ಮಾಡುತ್ತೆ. ತೆಳು ಹತ್ತಿ ಪರದೆ, ವಾರಕ್ಕೊಮ್ಮೆ ಒಗೆಯೋದು. ಮನೆಯಲ್ಲೇ ಮಗ್ಗ ಇರೋರಿಗೆ ಇನ್ನೊಂದು ಲೆಕ್ಕ ಇದೆ. ಗಾಳಿ ಒಣಗಿದರೆ ಹತ್ತಿ ನೂಲು ಪಟಪಟ ಹರಿಯುತ್ತೆ. ಕುಣಿಮಗ್ಗವನ್ನು ನೆಲದಲ್ಲಿ ಗುಂಡಿ ತೋಡಿ ಕೂಡಿಸ್ತಿದ್ದುದರ ಒಂದು ಲಾಭ ಅದೇ, ಮಣ್ಣಿನ ತಂಪು ನೂಲಿಗೆ ಸಿಗ್ತಿತ್ತು. ಅಂಥ ಮನೆಗೆ ಹೋಗಿ "ಗಾಳಿ ಬೆಳಕಿಗೆ ದೊಡ್ಡ ಕಿಟಕಿ ಇಡ್ರಿ" ಅಂದರೆ ಅವರ ದಿನದ ಕೂಲಿಗೇ ಕಲ್ಲು ಹಾಕಿದ ಹಾಗೆ. ಮನೆ ಅನ್ನೋದು ಕೆಲವರಿಗೆ ಕಾರ್ಖಾನೆಯೂ ಹೌದು. ಟಿಪ್ಸು ಕೊಡೋರು ಇದನ್ನ ಮರೀತಾರೆ.

ಹಿತ್ತಲ

ಟೆರೇಸ್ ಗಾರ್ಡನ್ ಅಂದ ಕೂಡಲೇ ಎಲ್ಲರೂ ಹೇಳೋದು ಕೋಕೋಪೀಟ್ ತನ್ನಿ ಅಂತ. ತೆಂಗಿನ ನಾರಿನ ಪುಡಿ. ಕರಾವಳಿಯಲ್ಲಿ, ತುಮಕೂರು ಕಡೆ ಅದು ಮನೆ ಮುಂದೆ ಬಿದ್ದಿರುತ್ತೆ, ಸರಿ. ನಾವು ಯಾಕೆ ದುಡ್ಡು ಕೊಟ್ಟು ಇಟ್ಟಿಗೆ ಇಟ್ಟಿಗೆ ತರಿಸಬೇಕು? ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿದ ಮೇಲೆ ಹೊಲದ ತುಂಬ ರವದಿ ಬಿದ್ದಿರುತ್ತೆ. ಎಷ್ಟೋ ಜನ ಬೆಂಕಿ ಹಚ್ಚಿಬಿಡ್ತಾರೆ, ಸಂಜೆ ಹೊತ್ತು ಮನೆ ಮೇಲೆಲ್ಲ ಕರಿ ಎಳೆ ಉದುರುತ್ತೆ. ಆ ರವದಿಯನ್ನು ಒಂದು ಚೀಲ ತಂದು ಗೇಣುದ್ದ ಕತ್ತರಿಸಿ ಕುಂಡದ ಮೇಲೆ, ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹೊದಿಸಿ. ಮಣ್ಣು ಕಾಯಲ್ಲ, ತೇವ ಆರಲ್ಲ, ಕಳೆ ಏಳಲ್ಲ, ವರ್ಷಕ್ಕೆ ಕೊಳೆತು ಗೊಬ್ಬರವೂ ಆಗುತ್ತೆ. ನಾನು ಬ್ಯಾಸಿಗಿಯಲ್ಲಿ ಎರಡು ಹೊತ್ತು ನೀರು ಹಾಕಬೇಕಾದ ಕುಂಡಗಳಿಗೆ ಈಗ ಒಂದೇ ಹೊತ್ತು ಹಾಕ್ತೀನಿ. ರವದಿ ಸಿಗದವರಿಗೆ ಶೇಂಗಾ ಸಿಪ್ಪಿ ಇದೆ.

ಕುಂಡಕ್ಕೆ ಬರೀ ಎರಿ ಮಣ್ಣು ತುಂಬಬೇಡಿ, ಒಣಗಿದಾಗ ಗಡ್ಡೆಯಾಗಿ ಕುಂಡದ ಅಂಚು ಬಿಡುತ್ತೆ, ಹಾಕಿದ ನೀರೆಲ್ಲ ಆ ಸಂದಿನಿಂದ ಕೆಳಗೆ ಹೋಗುತ್ತೆ, ಬೇರಿಗೆ ಸಿಗಲ್ಲ. ಬರೀ ಮಸಾರಿಯಾದರೆ ನೀರು ನಿಲ್ಲಲ್ಲ. ನನ್ನ ಲೆಕ್ಕ ಒಂದು ಪಾಲು ಎರಿ, ಒಂದು ಪಾಲು ಮಸಾರಿ, ಒಂದು ಪಾಲು ಹಳೆ ತಿಪ್ಪಿ ಗೊಬ್ಬರ. ತವರಿಗೆ ಹೋದಾಗ ಒಂದು ಚೀಲ ಮಸಾರಿ ತರ್ತೀನಿ, ಹೋಗುವಾಗ ಅವ್ವನಿಗೆ ಒಂದು ಚೀಲ ಎರಿ ಮಣ್ಣು ಒಯ್ತೀನಿ. ಬಸ್ ಕಂಡಕ್ಟರ್ ನಮ್ಮನ್ನು ವಿಚಿತ್ರವಾಗಿ ನೋಡ್ತಾರೆ. :)

"ಜೂನ್ ಬಂತು, ಸಸಿ ನೆಡಿ" ಅನ್ನೋ ಸಲಹೆ ಮಲೆನಾಡಿನದು. ನಮ್ಮಲ್ಲಿ ಜೂನ್ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಳೆ ಚೆನ್ನಾಗಿ ಆಗೋದು ಸೆಪ್ಟೆಂಬರ್‌ನಲ್ಲಿ, ಉತ್ತರಿ, ಹಸ್ತಾ ಮಳೆಗೆ. ಹಿಂಗಾರಿ ಜೋಳ ಬಿತ್ತೋದೂ ಆ ಸುಮಾರಿಗೇ. ಒಕ್ಕಲಿಗರ ಪಂಚಾಂಗ ಹಿತ್ತಲಕ್ಕೂ ನಡೆಯುತ್ತೆ. ಆ ಮಳೆಗೆ ನೆಟ್ಟ ಲಿಂಬಿ, ಕರಿಬೇವು, ನುಗ್ಗಿ ಚಳಿಗಾಲವೆಲ್ಲ ಬೇರು ಇಳಿಸಿ ಬ್ಯಾಸಿಗಿ ಹೊತ್ತಿಗೆ ಗಟ್ಟಿ ಆಗಿರುತ್ತೆ.

ನೀರಿನ ಮಾತು. ಬಚ್ಚಲ ನೀರು ಬಾಳಿಗೆ, ನುಗ್ಗಿಗೆ ಬಿಡೋದು ನಮ್ಮ ಹಿರಿಯರು ಮಾಡಿದ್ದೇ. ಆದರೆ ಅವರ ಕಾಲದಲ್ಲಿ ಪಾತ್ರೆ ತಿಕ್ಕೋದು ಬೂದಿಯಿಂದ, ಮೈಗೆ ಕಡಲೆ ಹಿಟ್ಟು. ಈಗ ವಾಷಿಂಗ್ ಮಷೀನಿನ ಪೌಡರ್ ನೀರು ದಿನಾ ಒಂದೇ ಕಡೆ ಬಿಟ್ಟರೆ ಅದರಲ್ಲಿನ ಸೋಡಿಯಂ ಎರಿ ಮಣ್ಣನ್ನು ಕಲ್ಲಿನಂತೆ ಮಾಡುತ್ತೆ. ಮೈ ತೊಳೆದ ನೀರು, ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹಿತ್ತಲಿಗೆ. ಪೌಡರಿನ ಮೊದಲ ನೀರು ಗಟಾರಕ್ಕೆ. ಬೋರ್ ನೀರು ಹಾಕಿ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದೆಯಾ? ಅದು ಉಪ್ಪು. ಮಳೆ ಬಂದ ದಿನ ಕುಂಡಗಳನ್ನು ಹೊರಗಿಟ್ಟು ಚೆನ್ನಾಗಿ ತೋಯಿಸಿ, ತೊಳೆದು ಹೋಗುತ್ತೆ.

ನೀರು ಜಾಸ್ತಿ ಆದರೂ ಕಷ್ಟ ಅನ್ನೋದಕ್ಕೆ ಚಿಕ್ಕವ್ವನ ಊರೇ ಸಾಕ್ಷಿ. ಕಾಲುವೆ ನೀರು ಬಂತು ಅಂತ ವರ್ಷಗಟ್ಟಲೆ ಕಬ್ಬಿಗೆ ಹೊಳೆಯಂತೆ ಬಿಟ್ಟು, ಎಷ್ಟೋ ಹೊಲ ಸವಳು-ಜವಳಾಗಿ ಹುಲ್ಲೂ ಬೆಳೀದ ಹಾಗಾಯ್ತು. ಒಂದು ಕಾಲದಲ್ಲಿ ಬಂಗಾರದಂಥ ಭೂಮಿ. "ಗಿಡಕ್ಕೆ ದಿನಾ ನೀರು ಹಾಕಿ" ಅನ್ನೋ ಸಲಹೆ ಕೇಳಿದಾಗಲೆಲ್ಲ ನನಗೆ ಆ ಬಿಳಿ ಹೊಲಗಳು ನೆನಪಾಗ್ತವೆ. ಬೆರಳು ಮಣ್ಣಿಗೆ ಹಾಕಿ ನೋಡಿ, ತೇವ ಇದ್ದರೆ ಬಿಡಿ. ಬೆರಳಿಗಿಂತ ಒಳ್ಳೆ ಮೀಟರ್ ಇಲ್ಲ.

ಅಡಿಗಿಮನಿ

ಜೋಳದ ರೊಟ್ಟಿ ಬಿರಿಯದಿರಲು ಮೈದಾ ಸೇರಿಸಿ ಅಂತ ಒಬ್ಬರು ಹೇಳ್ತಿದ್ದರು. ನಮ್ಮತ್ತಿಗೆ ಅದನ್ನ ತೋರಿಸಿದೆ. "ಹಂಗಾದ್ರ ಚಪಾತಿನ ಮಾಡು, ಜ್ವಾಳಕ್ಕ ಯಾಕ ಅವಮಾನ ಮಾಡ್ತಿ?" ಅಂದರು. :)

ರೊಟ್ಟಿಯ ಗುಟ್ಟು ಎರಡೇ. ಒಂದು, ಹಿಟ್ಟು ಹೊಸದಿರಬೇಕು. ಬೀಸಿಸಿ ಎಂಟು-ಹತ್ತು ದಿನ ದಾಟಿದರೆ ಜಿಗಿ ಬಿಡುತ್ತೆ. ಹಾಗಾಗಿ ಐದೈದು ಕಿಲೋ ಪ್ಯಾಕೆಟ್ ಹಿಟ್ಟು ತರೋದಕ್ಕಿಂತ ಹಿಂಗಾರಿ ಬಿಳಿಜೋಳ, ಮಾಲದಂಡಿ ಸಿಕ್ಕರೆ ಇನ್ನೂ ಒಳ್ಳೆಯದು, ತಂದಿಟ್ಟು ವಾರಕ್ಕಷ್ಟು ಬೀಸಿಸಿ. ಎರಡು, ಕುದಿಯೋ ಎಸರು. ಗೋಧಿಯಲ್ಲಿರೋ ಅಂಟು ಜೋಳದಲ್ಲಿಲ್ಲ. ಕುದಿ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತೆ, ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡೋದು. ಉಗುರುಬೆಚ್ಚಗಿನ ನೀರಲ್ಲಿ ಎಷ್ಟು ನಾದಿದರೂ ಅಂಚು ಬಿರಿಯೋದೇ.

ಖಡಕ್ ರೊಟ್ಟಿ ವಾರಗಟ್ಟಲೆ ಇಟ್ಟು ತಿನ್ನೋದು ನಮ್ಮ ಒಣ ಹವೆಯ ಭಾಗ್ಯ. ಅದೇ ರೊಟ್ಟಿ ಮಂಗಳೂರಲ್ಲಿರೋ ಗೆಳತಿಗೆ ಕಳಿಸಿದರೆ ಮೂರನೇ ದಿನಕ್ಕೆ "ಮೆತ್ತಗಾಗಿ ಹೋಯ್ತು ಮಾರಾಯ್ತಿ" ಅಂತ ಫೋನು. ಅಲ್ಲಿ ಗಾಳಿಯಲ್ಲೇ ನೀರು. ಇಲ್ಲಿಂದ ಹೋಗುವ ಟಿಪ್ಸಿಗೂ ಊರು ಬೇಕು ಅನ್ನೋದಕ್ಕೆ ಹೇಳಿದೆ.

ಹಾಗೇ ಇಡ್ಲಿ ಹಿಟ್ಟು. "ಹನ್ನೆರಡು ತಾಸು ಹುದುಗು ಬರಲು ಬಿಡಿ" ಅಂತ ಬರೆದಿರ್ತಾರೆ. ಬೆಂಗಳೂರಿನ ಡಿಸೆಂಬರ್‌ಗೆ ಸರಿ. ನಮ್ಮ ಮೇ ತಿಂಗಳಲ್ಲಿ ಐದಾರು ತಾಸಿಗೆ ಹಿಟ್ಟು ಪಾತ್ರೆ ಬಿಟ್ಟು ಕಟ್ಟೆ ಮೇಲೆ ಬಂದಿರುತ್ತೆ. ನಾನು ಬ್ಯಾಸಿಗಿಯಲ್ಲಿ ರಾತ್ರಿ ಮಲಗೋ ಮುಂದ ರುಬ್ಬಿ, ಉಪ್ಪು ಹಾಕಿ, ಪಾತ್ರೆಯನ್ನು ನೀರಿನ ತಾಟಿನಲ್ಲಿಡ್ತೀನಿ, ಬೆಳಿಗ್ಗೆ ಐದಕ್ಕೆ ಎದ್ದು ಬೇಯಿಸೋದು.

ಬೇಳೆ ಬೇಯಲ್ಲ ಅಂತ ಕುಕ್ಕರ್ ಬದಲಾಯಿಸೋ ಮುಂಚೆ ನೀರು ಬದಲಾಯಿಸಿ ನೋಡಿ. ಬೋರಿನ ಗಡಸು ನೀರಿನ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡಲ್ಲ. ಹೊಳಿ ನೀರಲ್ಲಿ ಎರಡು ಸೀಟಿಗೆ ಬೇಯೋದು ಇದರಲ್ಲಿ ಐದಾದರೂ ಕಾಳು ಕಾಳು. ಮಹಾನವಮಿಗೆ, ಯುಗಾದಿಗೆ ಹೋಳಿಗೆ ಹೂರಣಕ್ಕೆ ನಾನು ಎರಡು ಕೊಡ ಹೊಳಿ ನೀರು ತೆಗೆದಿಟ್ಟಿರ್ತೀನಿ. ಅದೂ ಇಲ್ಲದಿದ್ದರೆ ಬೇಳೆಯನ್ನು ಒಂದು ತಾಸು ನೆನೆಸಿ.

ಬೆಲ್ಲದ ಮಾತಿಲ್ಲದೆ ನಮ್ಮ ಕಡೆಯ ಅಡಿಗೆ ಮುಗಿಯಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆ ಇಲ್ಲೇ ಇದೆ. ಹೊಳೆಯೋ ಹಳದಿ ಬೆಲ್ಲವೇ ಒಳ್ಳೇದು ಅಂತ ತಿಳಿಯಬೇಡಿ, ಆ ಬಣ್ಣಕ್ಕೆ ಅನೇಕ ಕಡೆ ಹೈಡ್ರೋಸ್ ಹಾಕ್ತಾರೆ. ಬೆಂಡೆ ಗಿಡದ ಲೋಳೆ ಹಾಕಿ ರಾಡಿ ತೆಗೆದ ಬೆಲ್ಲ ಕಂದು ಬಣ್ಣಕ್ಕಿರುತ್ತೆ, ನೋಡೋಕೆ ಕಪ್ಪು, ರುಚಿಗೆ ಅದೇ ಮೇಲು. ಇನ್ನು ಬೆಲ್ಲ ಹಾಕಿದರೆ ಹಾಲು ಒಡೆಯುತ್ತೆ ಅನ್ನೋರಿಗೆ: ಬೆಲ್ಲವನ್ನು ನೀರಲ್ಲಿ ಕರಗಿಸಿ ಸೋಸಿ, ಪಾಯಸ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆರೆಸಿ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ?

ಬರೀ ರೊಟ್ಟಿ-ಬೆಲ್ಲದ ವಿಷಯ ಆಗಿದ್ದರೆ ನಾನು ಇಷ್ಟು ಉದ್ದ ಬರೀತಿರಲಿಲ್ಲ. ಊರು ನೋಡದ ಸಲಹೆಯಿಂದ ಕುಂಡದ ಗಿಡ ಸತ್ತರೆ ಇನ್ನೊಂದು ನೆಡಬಹುದು. ಊರು ನೋಡದೆ ಕಟ್ಟಿದ ಮನೆಯಲ್ಲಿ ಜೀವಮಾನ ಕಳೀಬೇಕು.

ಬೀಳಗಿ, ಜಮಖಂಡಿ ಕಡೆಯ ಜನಕ್ಕೆ "ಮುಳುಗಡೆ" ಅನ್ನೋ ಶಬ್ದ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಈಗ 519.60 ಮೀಟರ್ ತನಕ ನೀರು ನಿಲ್ಲುತ್ತೆ. 524.256 ಮೀಟರ್ ತನಕ ನಿಲ್ಲಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಆ ನಡುವಿನ ಸುಮಾರು ಐದು ಮೀಟರಿನಲ್ಲಿ ಇನ್ನೆಷ್ಟೋ ಊರು, ಇನ್ನೆಷ್ಟೋ ಹಿತ್ತಲ ಇವೆ. ಅಂಥ ಊರುಗಳಲ್ಲಿ "ತೆಂಗಿನ ಸಸಿ ನೆಡ್ರಿ" ಅಂದರೆ ಸಿಗೋ ಉತ್ತರ, "ಅದು ಕಾಯಿ ಬಿಡೂ ಹೊತ್ತಿಗೆ ನಾವ್ ಇಲ್ಲಿರ್ತೀವೋ ಇಲ್ಲೋ". ಗೋಡೆಗೆ ಗಿಲಾಯಿ ಮಾಡಿಸಲು, ಮಾಳಿಗೆ ರಿಪೇರಿ ಮಾಡಿಸಲು ಕೈ ಬರಲ್ಲ. ಅವರಿಗೆ ಮನೆ ಸಿಂಗಾರದ ಟಿಪ್ಸು ಏನಂತ ಕೊಡ್ತೀರಿ?

ಈಗಾಗಲೇ ಎದ್ದು ಬಂದವರ ಕತೆಯೂ ಇದೆ. ನಮ್ಮ ದೊಡ್ಡವ್ವನ ಊರು ಹಿನ್ನೀರಿಗೆ ಹೋಯ್ತು. ಪುನರ್ವಸತಿ ಕೇಂದ್ರದಲ್ಲಿ ಅಳತೆ ಮಾಡಿ ಸೈಟು ಕೊಟ್ಟರು. ಮನೆ ಏನೋ ಎದ್ದಿತು, ಆದರೆ ಹಿತ್ತಲ ಬರಲಿಲ್ಲ. ದನ ಎಲ್ಲಿ ಕಟ್ಟಬೇಕು, ಕುಳ್ಳು ಎಲ್ಲಿ ಬಡೀಬೇಕು, ಬಚ್ಚಲ ನೀರು ಎಲ್ಲಿಗೆ ಬಿಡಬೇಕು? ಹಳೆ ಮನೆಯಲ್ಲಿ ಆ ನೀರಿಗೇ ಎರಡು ಬಾಳಿ, ಒಂದು ನುಗ್ಗಿ, ಕರಿಬೇವು, ಪುಂಡಿಪಲ್ಯ, ಸೊಪ್ಪು ಆಗ್ತಿತ್ತು. ದೊಡ್ಡವ್ವ ಕರಿಬೇವು ಕೊಂಡು ತಂದ ದಿನ ಹೇಳಿದ ಮಾತು ಇದು: "ಎಪ್ಪತ್ತ ವರ್ಷದಾಗ ಕರಿಬೇವಿಗೆ ರೊಕ್ಕ ಕೊಟ್ಟಿದ್ದಿಲ್ಲ ನೋಡವಾ." ನನ್ನ ಅಭಿಪ್ರಾಯ ಕೇಳಿದರೆ, ಮುಂದೆ ಎಲ್ಲೇ ಹೊಸ ಬಡಾವಣೆ, ಪುನರ್ವಸತಿ ಕೇಂದ್ರ ಆದರೂ ನಕ್ಷೆಯಲ್ಲಿ ಹಿತ್ತಲಕ್ಕೆ ಜಾಗ ಬರಬೇಕು. ನಕ್ಷೆ ಹಾಕೋ ಮುಂಚೆ ಆ ಮನೆಯಲ್ಲಿ ನೀರು ಚೆಲ್ಲುವ ಹೆಣ್ಣುಮಗಳನ್ನು ಒಂದು ಮಾತು ಕೇಳಬೇಕು. ಹಿತ್ತಲ ಅಂದರೆ ಅಲಂಕಾರಕ್ಕಲ್ಲ, ಅದು ಬಡವರ ಮನೆಯ ಕಾಯಿಪಲ್ಲೆ ಖರ್ಚು ಉಳಿಸೋ ಜಾಗ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಬಂದಾಗ ನಮ್ಮ ತಾಲೂಕುಗಳ ಎಷ್ಟೋ ಮನೆಯೊಳಗೆ ನೀರು ನಿಂತಿತು. ನೀರು ಇಳಿದ ಕೂಡಲೇ ಗೋಡೆಯ ಕಲೆ ಮುಚ್ಚಲು ಪುಟ್ಟಿ ಹಾಕಿ ಪ್ಲಾಸ್ಟಿಕ್ ಪೇಂಟ್ ಹೊಡೆಸಿದ ಮನೆಗಳ ಬಣ್ಣ ಮರುವರ್ಷ ಹಪ್ಪಳದಂತೆ ಎದ್ದು ಬಂತು. ಒದ್ದೆ ಗೋಡೆಗೆ ಮೇಲಿಂದ ಮುಚ್ಚಳ ಹಾಕಿದರೆ ಒಳಗಿನ ನೀರು ಎಲ್ಲಿ ಹೋಗಬೇಕು? ಸುಣ್ಣ ಹೊಡೆದು ಒಂದು ಬ್ಯಾಸಿಗಿ ಕಳೀಲಿ, ಗೋಡೆ ಉಸಿರಾಡಲಿ, ಆಮೇಲೆ ಬಣ್ಣದ ಮಾತು. ಹೊಳಿ ದಂಡೆಯವರಿಗೆ ಇದಕ್ಕಿಂತ ದೊಡ್ಡ ಟಿಪ್ಸು ನನಗೆ ಗೊತ್ತಿಲ್ಲ, ಆದರೆ ಇದನ್ನ ಯಾವ ಪೇಂಟಿನ ಜಾಹೀರಾತೂ ಹೇಳಲ್ಲ.

"ಏನು, ಮತ್ತೆ ಮಣ್ಣಿನ ಮನೆಗೆ ಹೋಗು ಅಂತೀಯಾ?" ಅಂತ ಕೆಲವರು ಕೇಳಬಹುದು. ಇಲ್ಲಪ್ಪ. ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ಹೇಗೆ ಸೋರ್ತಿತ್ತು, ಯಾವ ಪಾತ್ರೆ ಎಲ್ಲಿಡಬೇಕು ಅಂತ ನನಗೆ ಬಾಯಿಪಾಠ ಇದೆ. ಪ್ರತಿವರ್ಷ ಮಣ್ಣು ಹೊತ್ತು ಮೇಲೆ ಹಾಕೋದು, ದಿನಾ ಸಗಣಿ ಹಾಕಿ ಸಾರಿಸೋದು, ಕಟ್ಟಿಗೆ ಒಲೆ ಊದೋದು... ಇದೆಲ್ಲ ಯಾರ ಪಾಲಿಗೆ ಬರ್ತಿತ್ತು? ನಮ್ಮವ್ವನ ಪಾಲಿಗೆ. ಗ್ಯಾಸು, ಮಿಕ್ಸರು, ಸಿಮೆಂಟು ಮೂರಕ್ಕೂ ನಾನು ಕೈ ಮುಗೀತೀನಿ. ಹಳೇದೆಲ್ಲ ಚೆಂದ ಅನ್ನೋದು ನನ್ನ ವಾದ ಅಲ್ಲ. ಸಿಮೆಂಟಿನ ಮನೆಯಲ್ಲೇ ಇರೋಣ, ಆದರೆ ನಮ್ಮ ಬಿಸಿಲಿಗೆ ಉತ್ತರ ಕೊಡೋ ಹಾಗೆ ಇರೋಣ ಅಂತ ಅಷ್ಟೇ.

ನಮ್ಮ ಊರಿನ ಕಷ್ಟಕ್ಕೆ ನಮ್ಮ ತಲೆಯಲ್ಲೇ ಉಪಾಯ ಇರುತ್ತೆ ಅನ್ನೋದಕ್ಕೆ ಜಮಖಂಡಿ ತಾಲೂಕಿನವರಿಗೆ ಬೇರೆ ಉದಾಹರಣೆ ಬೇಕಿಲ್ಲ. ಬ್ಯಾಸಿಗಿಯಲ್ಲಿ ಕೃಷ್ಣೆ ಬತ್ತುತ್ತೆ ಅಂತ ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಹಾಕಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ, ಮೈಮುರಿದು 1989ರಲ್ಲಿ ಬ್ಯಾರೇಜ್ ಕಟ್ಟಿ ಮುಗಿಸಿದರು. ಅದಕ್ಕೆ ಶ್ರಮಬಿಂದು ಸಾಗರ ಅಂತಲೇ ಹೆಸರು. ಹೊಳೆಯ ಜೊತೆ ಬದುಕಿದವರಿಗೆ ಹೊಳೆಯ ಗುಣ ಗೊತ್ತಿತ್ತು. ಅಡಿಗೆಮನೆ, ಹಿತ್ತಲದ ವಿಷಯದಲ್ಲೂ ಅಷ್ಟೇ ಅಲ್ವೇ? ಅಲ್ಲಿ ಬದುಕಿದವರಿಗೆ ಅದರ ಗುಣ ಗೊತ್ತು. ಅವರನ್ನ ಕೇಳೋ ರೂಢಿ ನಮಗಿಲ್ಲ.

ಹಾಗಾಗಿ ಮನೆ, ಹಿತ್ತಲ, ಅಡಿಗೆ ಬಗ್ಗೆ ಬರೆಯೋ ಗೆಳೆಯ-ಗೆಳತಿಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಟಿಪ್ಸು ಬರೆಯುವಾಗ ಕೆಳಗೆ ಒಂದು ಸಾಲು ಸೇರಿಸಿ: ನಿಮ್ಮ ಊರು, ಮಣ್ಣು, ನೀರು, ತಿಂಗಳು. "ಶಿರಸಿ, ಜುಲೈ, ಬಾವಿ ನೀರು" ಅಂತಿದ್ದರೆ ಬನಹಟ್ಟಿಯ ನಾನು ಓದಿ ಖುಷಿಪಟ್ಟು, ನನಗೆ ಬೇಕಾದಷ್ಟು ತಗೊಂಡು ಉಳಿದದ್ದು ಬಿಡ್ತೀನಿ. ರಾಯಚೂರಿನವರದ್ದಾದರೆ ಪೂರ್ತಿ ತಗೋತೀನಿ. ಕಾಸರಗೋಡಿನವರು, ಮುಂಬೈಯವರು, ಅಮೆರಿಕದ ಥಂಡಿಯಲ್ಲಿ ಇಡ್ಲಿ ಹಿಟ್ಟು ಹುದುಗಿಸಲು ಒದ್ದಾಡೋರು, ಎಲ್ಲರೂ ಬರೀರಿ.

ನಾನೇ ಶುರು ಮಾಡ್ತೀನಿ. ಮೇಲೆ ಹೇಳಿದ್ದೆಲ್ಲ: ಬನಹಟ್ಟಿ, ಎರಿ ಮಣ್ಣಿಗೆ ಅರ್ಧ ಮಸಾರಿ, ಬೋರ್ ನೀರು, ಹಬ್ಬಕ್ಕೆ ಮಾತ್ರ ಹೊಳಿ ನೀರು, ಬಿಸಿಲು ಬೇಕಾದಷ್ಟು.

ಇನ್ನು ನಿಮ್ಮದು ಹೇಳ್ರಿ...